ಸಿರಿಂಜಿನ ತಳದಲ್ಲಿ ಉಳಿದದ್ದು

“ಏ ಬಕೆಟ್ಟು, ಆ ಕಡೆ ಹಾಳಾಗಿ ಹೋಗು. ರೌಂಡ್ಸ್ ಹೊತ್ತಲ್ಲಿ ಏನು ನಿಂದು?” ಎಂದರು ದೊಡ್ಡ ಡಾಕ್ಟರು.

ಕ್ಯಾನ್ಸರ್ ವಾರ್ಡಿನ ನೆಲ ಒರೆಸುವವಳಿಗೆ ಅದೇ ಹೆಸರಾಗಿ ಹೋಗಿತ್ತು. ಅವಳು ಪಕ್ಕಕ್ಕೆ ಸರಿದಳು, ಹೋಗಲಿಲ್ಲ. ಎಂಟನೇ ಮಂಚದಲ್ಲಿ ಮಲಗಿದ್ದವನು ಅವಳ ಗಂಡ, ಮೋರಿ ಬಳಿಯುವವನು. ಹೋದ ವರ್ಷ ಗಂಟಲಿನ ಕ್ಯಾನ್ಸರಿಗೆ ಇಲ್ಲೇ ಚಿಕಿತ್ಸೆಯಾಗಿ ಎದ್ದು ಓಡಾಡಿಕೊಂಡಿದ್ದ. ಈಗ ಎರಡು ತಿಂಗಳಿಂದ ಬೆನ್ನು ನೋವು, ಕಾಲಲ್ಲಿ ಬಲವಿಲ್ಲ.

ದೊಡ್ಡ ಡಾಕ್ಟರು ಅವನನ್ನು ನೋಡಲಿಲ್ಲ, ಸ್ಕ್ಯಾನಿನ ಚಿತ್ರವನ್ನು ಕಿಟಕಿಗೆ ಹಿಡಿದು ನೋಡಿದರು. “ಬೆನ್ನುಮೂಳೆಗೆ ಹರಡಿದೆ. ಪಕ್ಕದ ಬಾವಿನಿಂದ ಒಂದಿಷ್ಟು ತೆಗೆದು ಪರೀಕ್ಷೆಗೆ ಕಳಿಸಿ, ಫೈಲಿಗೆ ಬೇಕು. ಶನಿವಾರ ಮನೆಗೆ ಸಾಗಹಾಕಿ.”

“ಸ್ವಾಮಿ, ದಿನಾ ಸಂಜೆ ಜ್ವರ ಬರುತ್ತೆ. ಅಂಗಿ ಹಿಂಡೋ ಹಾಗೆ ಬೆವರ್ತಾರೆ.”

“ಓಹೋ, ನೆಲ ಒರೆಸಿ ಒರೆಸಿ ನೀನೂ ಡಾಕ್ಟರಾದ್ಯಾ?”

ಹಿಂದೆ ನಿಂತಿದ್ದ ಕಲಿಯುವವರೆಲ್ಲ ನಕ್ಕರು. ಅವರ ಪಾಸು ಫೇಲು ದೊಡ್ಡ ಡಾಕ್ಟರ ಕೈಯಲ್ಲಿತ್ತು.

ಎಲ್ಲರೂ ಹೋದ ಮೇಲೆ ಗಂಡ ಗೊಣಗಿದ: “ಬೇವರ್ಸಿ ನನ್ಮಗ. ಬೆನ್ನು ಮುಟ್ಟಿ ಕೂಡ ನೋಡ್ಲಿಲ್ಲ.”

“ಮುಟ್ಟಿದ್ರೆ ಮೋರಿ ಅಂಟ್ಕೊಳುತ್ತಲ್ಲ,” ಎಂದಳು. ಇಬ್ಬರೂ ನಕ್ಕರು. ಆಮೇಲೆ ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮಧ್ಯಾಹ್ನ ಕಿರಿಯ ಡಾಕ್ಟರು ಬೆನ್ನಿನ ಬಾವಿಗೆ ಸೂಜಿ ಚುಚ್ಚಿದರೆ ಬಂದದ್ದು ಕೀವು. ಅದನ್ನು ಅವರು ಕ್ಯಾನ್ಸರ್ ಪರೀಕ್ಷೆಗೆ ಕಳಿಸುವ ಫಾರ್ಮಲಿನ್ ಬಾಟಲಿಗೆ ಸುರಿಯಹೊರಟರು. ಈ ವಾರ್ಡಿನಲ್ಲಿ ಯಾರ ಮೈಯಿಂದ ಏನೇ ತೆಗೆದರೂ ಸೇರುವುದು ಅದೇ ಬಾಟಲಿಗೆ. ಆದರೆ ಇಲ್ಲಿಗೆ ಬರುವ ಮುಂಚೆ ನಾಲ್ಕು ವರ್ಷ ಅವಳು ನೆಲಮಾಳಿಗೆಯ ಕ್ರಿಮಿ ಪರೀಕ್ಷೆಯ ಲ್ಯಾಬಿನಲ್ಲಿ ಗಾಜು ತೊಳೆದವಳು. ಫಾರ್ಮಲಿನ್ನಿಗೆ ಬಿದ್ದ ಕ್ರಿಮಿ ಬದುಕುವುದಿಲ್ಲ, ಬೆಳೆಯುವುದಿಲ್ಲ ಎಂದು ಅಲ್ಲಿಯವನು ದಿನಾ ಮೇಲಿನವರ ಜನ್ಮ ಜಾಲಾಡುತ್ತಿದ್ದುದನ್ನು ಕೇಳಿದ್ದಳು.

“ಡಾಕ್ಟ್ರೇ, ಅರ್ಧಾನ ಬೇರೆ ಖಾಲಿ ಬಾಟ್ಲಿಗೆ ಹಾಕಿ. ಇದ್ರಲ್ಲಿ ಕ್ರಿಮಿ ಸತ್ತೋಗುತ್ತೆ.”

“ಇದು ಕ್ಯಾನ್ಸರ್ ವಾರ್ಡು ಕಣಮ್ಮ. ಇಲ್ಲಿ ಇದೇ ಬಾಟ್ಲಿ. ಬಾಯ್ಮುಚ್ಕೊಂಡು ಇದನ್ನ ಎಸಿ.” ಸುರಿದಾದ ಮೇಲೆ ಸಿರಿಂಜು ಅವಳ ಕಸದ ತಟ್ಟೆಗೆ ಬಿತ್ತು.

ಆ ಆಸ್ಪತ್ರೆಯಲ್ಲಿ ಪ್ರತಿಯೊಂದಕ್ಕೂ ಒಬ್ಬ ಯಜಮಾನನಿದ್ದ, ಕಸಕ್ಕೆ ಮಾತ್ರ ಅವಳೇ ಯಜಮಾನಿ. ಸಿರಿಂಜಿನ ತಳದಲ್ಲಿ ಉಗುರಿನಷ್ಟು ಕೀವು ಉಳಿದಿತ್ತು. ಸೂಜಿ ಬಿಚ್ಚಿ, ಅದರ ಬಾಯಿಗೆ ಹೊಸ ಮುಚ್ಚಳ ಒತ್ತಿ, ಏನೂ ಅರಿಯದ ಹಸುಗೂಸಿನ ಮುಖ ಹೊತ್ತು ನೆಲಮಾಳಿಗೆಗೆ ಇಳಿದಳು.

“ಯಾರು ಕಳ್ಸಿದ್ದು?” ಎಂದ ಲ್ಯಾಬಿನವನು.

“ಮೇಲ್ನೋರು ಅಣ್ಣ.”

“ಆ ಮುಂಡೇಮಕ್ಳಿಗೆ ಕೊನೆಗೂ ಬುದ್ಧಿ ಬಂತಾ?” ಎನ್ನುತ್ತಾ ಫಾರಂ ತುಂಬಿಕೊಟ್ಟ. “ಹೋಗು, ಸಹಿ ಹಾಕಿಸ್ಕೊಂಡು ಬಾ.”

ಅವಳು ಬಾಗಿಲಾಚೆ ಹೋದಷ್ಟೇ ಬೇಗ ಬಂದು, ಫಾರಂ ಮಡಚಿ ಅವನ ಮೇಜಿನ ಮೇಲಿಟ್ಟಳು. ಗ್ಲೌಸು ಹಾಕಿದ್ದವನು ಫಾರಂ ಬಿಚ್ಚಿ ನೋಡಲಿಲ್ಲ.

ಶನಿವಾರ ಮನೆಗೆ ಕಳಿಸುವ ಚೀಟಿ ಸಿದ್ಧವಾಗಿತ್ತು. ಫೈಲು ತೆರೆದ ದೊಡ್ಡ ಡಾಕ್ಟರ ಹುಬ್ಬು ಮೇಲೇರಿತು. ಫಾರ್ಮಲಿನ್ ಬಾಟಲಿಯ ವರದಿಯಲ್ಲಿ ಕ್ಯಾನ್ಸರ್ ಸಿಕ್ಕಿರಲಿಲ್ಲ. ಅದರ ಕೆಳಗಿನದ್ದು ನೆಲಮಾಳಿಗೆಯ ವರದಿ.

“ಟಿಬಿ. ಬೆನ್ನುಮೂಳೆ ಟಿಬಿ ಇದು. ವರ್ಷ ಮಾತ್ರೆ ನುಂಗಿದ್ರೆ ಎದ್ದು ಓಡಾಡ್ತಾನೆ. ಯಾರು ಕಳ್ಸಿದ್ದು ಇದನ್ನ?”

ಗಂಡ ಬದುಕುತ್ತಾನೆ. ಅವಳು ಹೊದಿಕೆಯೊಳಗೆ ಕೈ ಹಾಕಿ ಅವನ ಪಾದ ಹಿಡಿದುಕೊಂಡಳು.

ಕಿರಿಯ ಡಾಕ್ಟರು ಕತ್ತು ಕೆರೆದುಕೊಂಡರು. “ನಾನೇ ಸರ್. ಸಂಜೆ ಜ್ವರ ಅಂದಾಗ್ಲೇ ಅನುಮಾನ ಬಂತು.”

“ಶಭಾಷ್. ನೋಡಿ, ರೋಗಿ ಕಡೆಯೋರು ಹೇಳೋದನ್ನ ಕಿವಿಗೊಟ್ಟು ಕೇಳ್ಬೇಕು ಅಂತ ನಾನು ಬಡ್ಕೊಳೋದು ಇದಕ್ಕೇ.”

ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು. ಆದರೆ ಅವಳಿಗೆ ನಗು ತಡೆಯಲಾಗಲಿಲ್ಲ.

“ಸ್ವಾಮಿ, ಆ ವರದಿ ಹಿಂದಿರೋ ಫಾರಂ ಬಿಚ್ಚಿ.”

ಬಿಚ್ಚಿದರು. ಡಾಕ್ಟರು ಸಹಿ ಮಾಡಬೇಕಾದಲ್ಲಿ ಒಂದು ಹೆಬ್ಬೆಟ್ಟಿನ ಗುರುತು, ನೀಲಿಯಾಗಿ, ಸ್ವಲ್ಪ ವಾರೆಯಾಗಿ.

“ಕಿರಿ ಡಾಕ್ಟ್ರೇ, ನಿಮ್ಮ ಹೆಬ್ಬೆಟ್ಟು ತೋರ್ಸಿ. ಹೋಲುತ್ತಾ ನೋಡೋಣ.”

ಕಲಿಯುವವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ದೊಡ್ಡ ಡಾಕ್ಟರ ಮುಖ ಕೆಂಪೇರಿತು. “ಕಳ್ಳಮುಂಡೆ, ಇವತ್ತೇ ನಿನ್ನ ಕೆಲಸದಿಂದ ಕಿತ್ತಾಕ್ತೀನಿ.”

“ಕಿತ್ತಾಕಿ. ಆ ಕಾಗದಕ್ಕೂ ಇದನ್ನೇ ಒತ್ತೀನಿ. ಮೊದ್ಲು ಮಾತ್ರೆ ಬರೀರಿ.”

ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ದೊಡ್ಡ ಡಾಕ್ಟರ ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ ಅವರ ಬೆರಳುಗಳ ನಡುವೆ ಇಟ್ಟಳು.