ಮೂಗಿನ ದನಿಯಲ್ಲಿ ಬಂದ ವರ್ಗಾವಣೆ

ರಾಯಭಾರಿ ಯಾಲ್ಮಾರ್ ಟೆಗ್ನಾಂಡರ್ ಟೆಲಿಫೋನು ಕೆಳಗಿಟ್ಟವರೇ ಕೋಟು ಎಳೆದುಕೊಂಡು ದಡದಡ ಮೆಟ್ಟಿಲಿಳಿದುಬಿಟ್ಟರು. ಪಕ್ಕದ ಕೋಣೆಯಲ್ಲಿ ಕಾರ್ಯದರ್ಶಿ ವಲ್ಲೇರಿಯಸ್ ಇನ್ನೂ ಮೂಗು ಹಿಡಿದುಕೊಂಡೇ ಇದ್ದ. ಸ್ಟಾಕ್‌ಹೋಮಿನಿಂದ ತಪಾಸಣೆಗೆ ಬಂದಿದ್ದ ಫ್ರಿಕ್ಸೆಲ್ ಸಾಹೇಬರ ದನಿ ಹಾಗೆ ಹಿಡಿದರಷ್ಟೇ ಬರುತ್ತಿತ್ತು. ಆ ದನಿಯಲ್ಲಿ ಅವನು ಹೇಳಿದ್ದು ಎರಡೇ ಮಾತು: ನಿಮ್ಮನ್ನು ಹೆಲ್ಸಿಂಕಿಗೆ ಹಾಕಿದೆ, ನಾಳೆಯವರೆಗೆ ಯಾರಿಗೂ ಹೇಳಬೇಡಿ. ಐದು ನಿಮಿಷ ಬಿಟ್ಟು ಒಳಗೆ ಹೋಗಿ ನಿಜ ಹೇಳಿ, ಇಬ್ಬರೂ ಕಾಫಿ ಕುಡಿದು ನಗುವುದೆಂದು ಅವನ ಎಣಿಕೆ. ಆದರೆ ಐದು ನಿಮಿಷ ಒಂದೆಡೆ ಕೂರುವ ಆಸಾಮಿಯೇ ಅಲ್ಲ ಅವರು.

ಇಪ್ಪತ್ತೊಂಬತ್ತು ವರ್ಷ, ಎಂಟು ರಾಜಧಾನಿ. ರೀಗಾದಲ್ಲಿದ್ದಾಗ ಅಂಕಾರಾ ಬೇಕು, ಅಂಕಾರಾದಲ್ಲಿದ್ದಾಗ ಲಿಸ್ಬನ್. ಈಗ ದಕ್ಷಿಣ ಅಮೆರಿಕದ ಈ ಮಾಂಟೆವಿಡಿಯೊಗೆ ಬಂದ ಮೂರನೇ ವಾರದಿಂದಲೇ ವರ್ಗಾವಣೆ ಕೇಳಿ ಪತ್ರ ಬರೆಯಲು ಶುರು. ಅವರ ಹೆಂಡತಿ ಸಿಗ್ನೆ ಗೋಡೆಗೆ ಪಟ ತೂಗುಹಾಕುವುದನ್ನೇ ಬಿಟ್ಟಿದ್ದಳು.

ಅವತ್ತು ಸಂಜೆ ಅವರ ಮನೆಯಲ್ಲೇ ಫ್ರಿಕ್ಸೆಲ್ ಗೌರವಾರ್ಥ ಸಿಗಡಿ ಊಟ. ಆಗಸ್ಟ್ ಬಂತೆಂದರೆ ಸ್ವೀಡನ್ನಿನವರು ಎಲ್ಲಿದ್ದರೂ ಇದನ್ನು ಬಿಡರು. ಊರಿನಲ್ಲಿ ಅದು ಬೇಸಿಗೆಯ ಕೊನೆ, ಇಲ್ಲಿ ಕೊರೆಯುವ ಚಳಿಗಾಲ. ಆದರೂ ಅದೇ ಕಾಗದದ ಟೋಪಿ, ಅದೇ ಕಾಗದದ ಲಾಂದ್ರ, ಸಬ್ಬಸಿಗೆ ಹಾಕಿ ಬೇಯಿಸಿದ ಕೆಂಪು ಸಿಗಡಿ. ನಿಜ ಹೇಳಿಬಿಡಲು ವಲ್ಲೇರಿಯಸ್ ಟೆಗ್ನಾಂಡರರನ್ನು ನದಿಯ ದಂಡೆಯಲ್ಲಿ ಮೂರು ಸಲ ಹುಡುಕಿ ಬಂದ. ರಾಯಭಾರಿಗಳು ಏಳಕ್ಕೆ ಸರಿಯಾಗಿ, ಬೂಟಿನ ತುಂಬ ಮರಳು ತುಂಬಿಕೊಂಡು, ನೇರ ಊಟದ ಮೇಜಿಗೇ ಬಂದರು. ಮೇಜಿನ ಆ ತುದಿಯಿಂದ ಇವನು ಎಷ್ಟು ಕಣ್ಸನ್ನೆ ಮಾಡಿದರೂ ತಿರುಗಿ ನೋಡಲಿಲ್ಲ.

ಸ್ವೀಡನ್ನಿನ ಪದ್ಧತಿಯಂತೆ ಮನೆಯೊಡತಿಯ ಎಡಕ್ಕೆ ಕೂತ ಅತಿಥಿ ಎದ್ದು ಊಟಕ್ಕೆ ವಂದನೆ ಹೇಳಬೇಕು. ಆಮೇಲೆ ಭಾಷಣವಿಲ್ಲ, ಎಲ್ಲರೂ ಏಳುವುದಷ್ಟೇ. ಆ ಜಾಗದಲ್ಲಿ ಕೂತಿದ್ದ ಫ್ರಿಕ್ಸೆಲ್ ಮೂರು ನಿಮಿಷ ಮಾತಾಡಿ ವಂದನೆ ಮುಗಿಸಿದರು. ಹೆಲ್ಸಿಂಕಿಯ ಸುದ್ದಿ ಎತ್ತಲಿಲ್ಲ. ಕುರ್ಚಿಗಳು ಸರಿದವು. ಆಗ ಯಾವ ಆತಿಥೇಯನೂ ಮಾಡದ ಕೆಲಸವನ್ನು ಟೆಗ್ನಾಂಡರ್ ಮಾಡಿದರು. ನಿಂತು ಮಾತಿಗೆ ತೊಡಗಿದರು.

"ಫ್ರಿಕ್ಸೆಲ್ ಅವರೇ, ಮಧ್ಯಾಹ್ನ ಫೋನಲ್ಲಿ ಹೇಳಿದ್ರಲ್ಲ, ಅದಕ್ಕೆ ಉತ್ತರ ಈಗ್ಲೇ ಹೇಳ್ಬಿಡ್ತೀನಿ. ಹೆಲ್ಸಿಂಕಿಗೆ ನಾನು ಹೋಗಲ್ಲ. ನಾಲ್ಕು ಗಂಟೆ ನಡೆದು ಯೋಚನೆ ಮಾಡ್ದೆ. ಯಾವ ಊರಿಗೂ ನಾನು ಸರಿಯಾಗಿ ಬಂದೇ ಇಲ್ಲ, ಬರೋ ಮೊದಲೇ ಹೊರಟಿರ್ತಿದ್ದೆ. ಸಾಕು. ಇಲ್ಲೇ ಇರ್ತೀವಿ."

ಸಿಗ್ನೆಯ ಕೈ ಕರವಸ್ತ್ರದ ಮೇಲೆ ಹಾಗೇ ನಿಂತಿತು.

"ಯಾವ ಹೆಲ್ಸಿಂಕಿ?" ಎಂದರು ಫ್ರಿಕ್ಸೆಲ್. "ಮಧ್ಯಾಹ್ನವೆಲ್ಲ ನಾನು ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆಕ್ಕೊಂಡು ಕೂತಿದ್ದೆ."

ವಲ್ಲೇರಿಯಸ್ ಎದ್ದು ನಿಂತ. "ರಾಯಭಾರಿಗಳು ಕ್ಷಮಿಸ್ಬೇಕು" ಎಂದ. ಹೆದರಿಕೆಗೆ ಅದೂ ಫ್ರಿಕ್ಸೆಲ್ಲರ ಮೂಗುದನಿಯಲ್ಲೇ ಬಂತು. ಬೇರೆ ತಪ್ಪೊಪ್ಪಿಗೆ ಬೇಕಾಗಲಿಲ್ಲ.

ಫ್ರಿಕ್ಸೆಲ್ ತಲೆಯ ಮೇಲಿನ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ನಿವೃತ್ತಿಯವರೆಗೂ ನಿಮ್ಮನ್ನು ಇಲ್ಲೇ ಬಿಡುವುದೆಂದು ತೀರ್ಮಾನವಾಗಿದೆ, ಅದನ್ನು ತಿಳಿಸಲೆಂದೇ ನಾನು ಬಂದದ್ದು, ಹೇಗೆ ಹೇಳುವುದೆಂದು ಮೂರು ದಿನದಿಂದ ಒದ್ದಾಡುತ್ತಿದ್ದೇನೆ ಎಂದರು.

"ಮೇಜು ಗುದ್ತೀರೇನೋ ಅಂದ್ಕೊಂಡಿದ್ದೆ" ಎಂದೂ ಸೇರಿಸಿದರು.

ಮೊದಲು ನಕ್ಕವರು ಟೆಗ್ನಾಂಡರ್. ಆಮೇಲೆ ಮೇಜಿಗೆ ಮೇಜೇ ನಕ್ಕಿತು. ವಲ್ಲೇರಿಯಸ್ ಕೂಡ ಹೆದರಿ ಹೆದರಿ ಸೇರಿಕೊಂಡ. ಒಬ್ಬೊಬ್ಬರಾಗಿ ಎಲ್ಲರ ನಗುವೂ ಮುಗಿಯಿತು. ಟೆಗ್ನಾಂಡರರದು ಮಾತ್ರ ಮುಗಿಯಲಿಲ್ಲ. ಕಣ್ಣಲ್ಲಿ ನೀರು ಬಂದರೂ, ಕುರ್ಚಿಯಲ್ಲಿ ಕುಸಿದು ಕೂತರೂ, ಎಲ್ಲರಿಗಿಂತ ಜೋರಾಗಿ ನಗುತ್ತಲೇ ಇದ್ದರು. ಸಿಗ್ನೆ ನೀರಿನ ಲೋಟವನ್ನು ಮೆಲ್ಲಗೆ ಅವರ ಕೈಗೆಟಕುವಷ್ಟು ಹತ್ತಿರ ಸರಿಸಿದಳು.