ವ್ಯಾನಿನ ಖಾಲಿ ಸೀಟುಗಳು

ಆರೋಗ್ಯ ಕಚೇರಿಯಲ್ಲಿ ಅವಳಿಗೆ ವರದಿಯಮ್ಮ ಎಂದೇ ಹೆಸರು. ಪ್ರತಿ ಸೋಮವಾರ ಮಧ್ಯಾಹ್ನ ಎರಡರೊಳಗೆ ಊರಿನ ಮೂವತ್ತೊಂದು ಶಾಲೆಗಳಿಂದ ಒಂದೊಂದು ಹಾಳೆ ಅವಳ ಮೇಜಿಗೆ ಬರಬೇಕು. ಜ್ವರದ ಜೊತೆ ಮೈಮೇಲೆ ಕೆಂಪು ದದ್ದು ಎದ್ದ ಮಕ್ಕಳು ಎಷ್ಟು ಎಂಬುದೊಂದೇ ಅದರಲ್ಲಿದ್ದ ಪ್ರಶ್ನೆ. ಯಾರೂ ಇಲ್ಲದಿದ್ದರೆ ಸೊನ್ನೆ ಬರೆಯಬೇಕು, ಜಾಗ ಖಾಲಿ ಬಿಡುವಂತಿಲ್ಲ. ಬಿಟ್ಟವರಿಗೆ ಫೋನ್ ಮಾಡಿ ಬೆವರಿಳಿಸಿ ಸೊನ್ನೆ ಬರೆಸಿಕೊಳ್ಳುತ್ತಿದ್ದಳು. ಹನ್ನೊಂದು ವರ್ಷಗಳಲ್ಲಿ ಒಂದು ಹಾಳೆಯೂ ತಪ್ಪಿರಲಿಲ್ಲ.

ಗಂಡ ಶಾಲಾ ವ್ಯಾನ್ ಓಡಿಸುತ್ತಿದ್ದ. ಮಕ್ಕಳ ಬಾಯಲ್ಲಿ ವ್ಯಾನ್ ಮಾಮ. ಆ ಸೋಮವಾರ ಸಂಜೆ ಚಪ್ಪಲಿ ಬಿಡುತ್ತಲೇ ಅವನು ಸುದ್ದಿ ತೆಗೆದ.

"ವ್ಯಾನು ಖಾಲಿ ಡಬ್ಬದ ಥರ ಸದ್ದು ಮಾಡ್ತಿದೆ ಕಣೆ. ಹದಿನಾಲ್ಕು ಸೀಟಲ್ಲಿ ಐದು ಖಾಲಿ. ಕೇಳಿದ್ರೆ ಎಲ್ಲಾ ಮನೇಲೂ ಜ್ವರ, ಮೈಮೇಲೆ ಕೆಂಪಗೆ ಎದ್ದಿದೆ ಅಂತಾರೆ."

"ನಿಮ್ಮ ಶಾಲೆಯಿಂದ ಇವತ್ತು ಸೊನ್ನೆ ಬಂದಿದೆ."

"ಸೊನ್ನೆನ ಕೂರಿಸಿದ್ರೆ ನನ್ನ ಸೀಟು ತುಂಬುತ್ತಾ?"

"ನೀವು ಸ್ಟಿಯರಿಂಗ್ ನೋಡ್ಕೊಳ್ಳಿ, ಕಾಗದ ನಾನು ನೋಡ್ಕೋತೀನಿ," ಎಂದಳೇನೋ ನಿಜ, ಆದರೆ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಮಗಳ ಮನೆ ಆ ಶಾಲೆಯ ಗೇಟಿನ ಎದುರಿಗೇ ಇತ್ತು. ಎಂಟು ತಿಂಗಳ ಮೊಮ್ಮಗಳು ಗುಬ್ಬಚ್ಚಿಯನ್ನು ಮಗಳು ದಿನಾ ಸಂಜೆ ಅಜ್ಜನಿಗೆ ತೋರಿಸಲು ವ್ಯಾನಿನ ಹತ್ತಿರ ತರುತ್ತಿದ್ದಳು.

"ಗುಬ್ಬಚ್ಚಿ ಇವತ್ತೂ ಬಂದಿದ್ಳಾ?"

"ಬರದೆ ಇರ್ತಾಳಾ? ನಮ್ಮ ವ್ಯಾನಿನ ಗುಂಗುರು ಕೂದಲಿನ ಹುಡುಗಿ ಎತ್ಕೊಂಡು ಎರಡು ಕೆನ್ನೆಗೂ ಮುತ್ತು ಕೊಟ್ಲು. ಪಾಪ, ಆ ಹುಡುಗಿಗೂ ಮೂಗು ಸೋರ್ತಿತ್ತು, ಕೆಮ್ಮು ಬೇರೆ."

ವರದಿಯಮ್ಮ ಬೆರಳು ಮಡಚಿ ದಿನ ಎಣಿಸತೊಡಗಿದಳು. ದಡಾರ ಇರುವ ಮಗುವಿನಿಂದ ದದ್ದು ಏಳುವ ನಾಲ್ಕು ದಿನ ಮೊದಲೇ ಸೋಂಕು ಹರಡುತ್ತದೆ. ಆಗ ಕಾಣುವುದು ನೆಗಡಿ, ಕೆಮ್ಮು, ಜ್ವರ ಅಷ್ಟೇ. ಗುಬ್ಬಚ್ಚಿಯ ಮೊದಲ ದಡಾರ ಲಸಿಕೆ ಒಂಬತ್ತು ತಿಂಗಳು ತುಂಬಿದ ಮೇಲೆ. ಇನ್ನೂ ನಾಲ್ಕು ವಾರ ಬಾಕಿ. ಊರಲ್ಲಿ ದಡಾರ ಹಬ್ಬಿದೆ ಎಂದು ಕಚೇರಿ ಘೋಷಿಸಿದರೆ ಮಾತ್ರ ಆರು ತಿಂಗಳು ದಾಟಿದ ಕೂಸುಗಳಿಗೆ ಮುಂಚೆಯೇ ಕೊಡಬಹುದು. ಘೋಷಿಸಲು ಐದು ಮಕ್ಕಳಾದರೂ ಲೆಕ್ಕಕ್ಕೆ ಸಿಗಬೇಕು. ಅವಳ ಕಡತದಲ್ಲಿದ್ದದ್ದು ಮೂವತ್ತೊಂದು ಸೊನ್ನೆ.

ಮರುದಿನ ಬೆಳಿಗ್ಗೆ ಅವಳೇ ವ್ಯಾನಿನ ಮುಂದಿನ ಸೀಟಿನಲ್ಲಿ ಕುಳಿತಳು.

ಶಾಲೆಯ ಗೇಟಿನಲ್ಲಿ ಮುಖ್ಯೋಪಾಧ್ಯಾಯಿನಿ, ಮಕ್ಕಳ ದೊಡ್ಡ ಮಿಸ್, ಒಂದೊಂದೇ ಹಣೆ ಮುಟ್ಟಿ ಒಳಗೆ ಬಿಡುತ್ತಿದ್ದರು.

"ನಮ್ಮಲ್ಲಿ ಒಂದು ಗುಳ್ಳೆ ಕಂಡರೂ ಇಲ್ಲಿಂದಲೇ ವಾಪಸ್," ಎಂದರು ಹೆಮ್ಮೆಯಿಂದ. "ಬೇಕಾದರೆ ಒಳಗೆ ಹುಡುಕಿ, ಒಂದು ಮಗು ಸಿಗಲ್ಲ."

"ವಾಪಸ್ ಕಳಿಸಿದವರನ್ನ ಹಾಳೆಯಲ್ಲಿ ಬರೀಲಿಲ್ವಲ್ಲ ಮಿಸ್?"

ದೊಡ್ಡ ಮಿಸ್ ಕನ್ನಡಕ ಏರಿಸಿ ಹಾಳೆ ತರಿಸಿದರು. "ನೀವು ಕೇಳಿರೋದು ಏನು, ಓದಿ. 'ಇಂದು ಶಾಲೆಯಲ್ಲಿ ಹಾಜರಿರುವ ಮಕ್ಕಳಲ್ಲಿ.' ಹಾಜರಿದ್ದವರಲ್ಲಿ ಸೊನ್ನೆ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ನಾನು ಸುಳ್ಳು ಬರೆದವಳಲ್ಲ."

ಆ ಸಾಲು ವರದಿಯಮ್ಮನದೇ. ಶಾಲೆಯವರು ಅಂತೆಕಂತೆ ಬರೆದಾರೆಂದು ಹೆದರಿ, ಕಣ್ಣಿಗೆ ಕಂಡವರನ್ನು ಮಾತ್ರ ಎಣಿಸಲಿ ಎಂದು ಹನ್ನೊಂದು ವರ್ಷದ ಹಿಂದೆ ತಾನೇ ಸೇರಿಸಿದ್ದಳು. ಶಾಲೆ ಎಷ್ಟು ಕಟ್ಟುನಿಟ್ಟೋ ಸೊನ್ನೆ ಅಷ್ಟು ಗ್ಯಾರಂಟಿ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಮಿಸ್, ತಪ್ಪು ನನ್ನದು. ಹಾಜರಿ ಪುಸ್ತಕ ಕೊಡಿ."

ಶಾಲೆಗೆ ಬಾರದ ಮಕ್ಕಳ ಮನೆ ಹುಡುಕಲು ವ್ಯಾನ್ ಮಾಮನೇ ಕಡತ. ಯಾವ ಮನೆಯ ಕರೆಗಂಟೆ ಕೆಟ್ಟಿದೆ, ಯಾವ ನಾಯಿ ಬರೀ ಬೊಗಳುತ್ತದೆ, ಯಾವ ತಾಯಿ ಹತ್ತು ಗಂಟೆಗೆ ಕೆಲಸಕ್ಕೆ ಹೊರಡುತ್ತಾಳೆ ಎಲ್ಲ ಅವನಿಗೆ ಗೊತ್ತು. ಮೊದಲ ಮನೆಯಲ್ಲೇ ಕಣ್ಣು ಕೆಂಪಾದ ಮಗುವೊಂದು ಗೋಡೆಗೆ ಮುಖ ಮಾಡಿ ಮಲಗಿತ್ತು. ಕಿವಿಯ ಹಿಂದಿನಿಂದ ಎದೆಯವರೆಗೂ ದದ್ದು ಇಳಿದಿತ್ತು. ಪಕ್ಕದ ಬೀದಿಯ ಸಣ್ಣ ಕ್ಲಿನಿಕ್ಕಿನಲ್ಲಿ ಔಷಧಿ ಆಗಿತ್ತು, ಆದರೆ ಆ ಕ್ಲಿನಿಕ್ಕಿನಿಂದ ಕಚೇರಿಗೆ ಹಾಳೆಯೇ ಬರುತ್ತಿರಲಿಲ್ಲ. ಒಬ್ಬ ತಾಯಿ ಇನ್ನೊಬ್ಬಳ ಮನೆ ತೋರಿಸಿದಳು. ಸಂಜೆಯ ಹೊತ್ತಿಗೆ ಹನ್ನೊಂದು ಮಕ್ಕಳು. ಏಳು ಮಂದಿಯ ಲಸಿಕೆ ಕಾರ್ಡಿನಲ್ಲಿ ದಡಾರದ ಎರಡನೆಯ ಡೋಸ್ ಇರಲಿಲ್ಲ.

ಕಚೇರಿಯ ವೈದ್ಯಾಧಿಕಾರಿ ಪಟ್ಟಿ ನೋಡಿ, "ಹಾಗಾದ್ರೆ ನಿನ್ನೆಯ ಸೊನ್ನೆ?" ಎಂದು ಕೇಳಿದರು.

"ಸೊನ್ನೆ ಶಾಲೆಯದು ಸರ್, ಪ್ರಶ್ನೆ ನನ್ನದು. ಹಾಗಂತಲೇ ಬರ್ಕೊಳ್ಳಿ."

ಅವರು ಅದನ್ನು ಬರೆದುಕೊಳ್ಳಲಿಲ್ಲ. ರಕ್ತದ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಫಲಿತಾಂಶಕ್ಕೆ ಕಾಯದೆ ಬುಧವಾರ ಘೋಷಣೆಗೆ ಸಹಿ ಹಾಕಿದರು. ಅದೇ ದಿನ ಗುಂಗುರು ಕೂದಲಿನ ಹುಡುಗಿಗೂ ದದ್ದು ಎದ್ದಿತು.

ಗುರುವಾರ ಬೆಳಿಗ್ಗೆ ಲಸಿಕೆಯ ಸಾಲಿನಲ್ಲಿ ಗುಬ್ಬಚ್ಚಿ ಮೊದಲನೆಯವಳು. "ಸೋಂಕು ತಗುಲಿದ ಮೂರು ದಿನದೊಳಗೆ ಕೊಟ್ಟರೆ ತಡೀಬಹುದು. ಖಾತ್ರಿ ಅಂತ ಹೇಳಲ್ಲ. ಮೂರು ವಾರ ಕಣ್ಣಿಟ್ಟಿರಿ," ಎಂದಳು ನರ್ಸ್. ಸೂಜಿ ಚುಚ್ಚುವಾಗ ವ್ಯಾನ್ ಮಾಮ ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದಿದ.

ಅಂದಿನಿಂದ ದಿನಾ ಬೆಳಿಗ್ಗೆ ವ್ಯಾನ್ ಶುರು ಮಾಡುವ ಮುಂಚೆ ಮಗಳ ಮನೆಗೆ ಹೋಗಿ, ಗುಬ್ಬಚ್ಚಿಯ ಕಿವಿ ಮಡಚಿ ಹಿಂದೆ ನೋಡುವುದು ಅವನ ಪರಿಪಾಠವಾಯಿತು.

"ಅಪ್ಪಾ, ಅದು ಮಗು. ದಿನಾ ಚೆಕ್ ಮಾಡೋಕೆ ನಿಮ್ಮ ಟೈರಲ್ಲ."

"ಟೈರು ಕಚ್ಚಲ್ಲ ಕಣಮ್ಮ, ಇವಳು ಕಚ್ತಾಳೆ," ಎಂದು ಅವನು ಹೆಬ್ಬೆರಳು ತೋರಿಸುತ್ತಿದ್ದ.

ವರದಿಯಮ್ಮ ಹಾಳೆ ತಿದ್ದಿದಳು. ಹಾಜರಿದ್ದವರ ಕೆಳಗೆ ಇನ್ನೊಂದು ಸಾಲು: ಬಾರದವರು ಮತ್ತು ಗೇಟಿನಿಂದ ಮರಳಿಸಿದವರು ಎಷ್ಟು, ಮನೆಯಲ್ಲಿ ವಿಚಾರಿಸಿದಾಗ ತಿಳಿದ ಕಾರಣವೇನು. ಸಣ್ಣ ಕ್ಲಿನಿಕ್ಕುಗಳಿಗೂ ಹಾಳೆ ಹೋಯಿತು. ದೊಡ್ಡ ಮಿಸ್ ಕೆಲಸ ಹೆಚ್ಚಾಯಿತೆಂದು ಗೊಣಗಿ, ಎಲ್ಲರಿಗಿಂತ ಮೊದಲು ತುಂಬಿ ಕಳಿಸಿದರು.

ವ್ಯಾನ್ ಮಾಮನೂ ಬಿಡಲಿಲ್ಲ. ಖಾಲಿ ಸೀಟಿನ ಲೆಕ್ಕವನ್ನು ಪೆಟ್ರೋಲ್ ಬಂಕಿನ ಚೀಟಿಯ ಹಿಂದೆ ಬರೆದು ಸೋಮವಾರ ಸಂಜೆ ಹೆಂಡತಿಗೆ ಕೊಡುತ್ತಿದ್ದ. ಮೊದಲ ವಾರ ಖಾಲಿ ಸೀಟು ಆರು. ಮರುವಾರ ಎರಡು. ಮೂರನೆಯ ಸೋಮವಾರ, ಆ ಹುಡುಗಿ ಗುಬ್ಬಚ್ಚಿಗೆ ಮುತ್ತು ಕೊಟ್ಟು ಸರಿಯಾಗಿ ಇಪ್ಪತ್ತೊಂದನೆಯ ದಿನ, ಚೀಟಿಯಲ್ಲಿ ಎರಡು ಸಾಲಿದ್ದವು.

"ಖಾಲಿ ಸೀಟು ಸೊನ್ನೆ. ಕಿವಿ ಹಿಂದೆ ಸೊನ್ನೆ."

"ಯಾರು ನೋಡಿದ್ದು?"

"ನಾನೇ. ಎರಡೂ ಕಿವಿ."

ಅವಳು ಚೀಟಿಯನ್ನು ಮಡಚಿ ಪರ್ಸಿನೊಳಗೆ ಇಟ್ಟುಕೊಂಡಳು. ಆಮೇಲೆ ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿದಳು.

"ಮತ್ತೆ ಎಲ್ಲಿಗೆ?"

"ಮಗಳ ಮನೆಗೆ," ಎಂದಳು. "ಸೊನ್ನೆ ಅಂತ ಬರೆದಿದ್ದೀರಲ್ಲ, ಒಂದ್ಸಲ ಕಣ್ಣಾರೆ ನೋಡ್ಕೊಂಡು ಬರ್ತೀನಿ."