ಎರಡು ಸಲ ಹೇಳಿದ ಮಾತು

"ತಲೆ ಕಡೆ ಓರೆ ಮಾಡಿ, ಓರೆ," ಎಂದು ಹೇಳುತ್ತಲೇ ವ್ಯಾನಿನ ಡ್ರೈವರ್ ಖಾಲಿ ಶವಪೆಟ್ಟಿಗೆಯ ಮೂಲೆಯನ್ನು ಬಾಗಿಲಿಗೆ ಬಡಿದುಬಿಟ್ಟ. ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಅದು ನೆಲ ಕಚ್ಚಿ ಎಷ್ಟೋ ವರ್ಷಗಳಾಗಿದ್ದವು.

"ಬೀದಿ ಬಾಗಿಲೆಲ್ಲ ನೆಟ್ಟಗೆ, ಬಡಗಿ ಮನೇದು ಸೊಟ್ಟಗೆ," ಅಂದ ಕ್ಷೌರದಂಗಡಿಯವನು. "ಈಗ ಇದನ್ನ ಬಿಚ್ಚೋಕೆ ಯಾರನ್ನ ಕರೀಬೇಕು?"

"ಅವನನ್ನೇ ಕರಿ. ಹೂಂ ಅಂತಾನೆ."

ಇಬ್ಬರೂ ನಕ್ಕರು. ಒಳಗೆ ಹೆಣದ ಪಕ್ಕ ಹೆಂಡತಿ ಕೂತಿದ್ದಾಳೆಂಬ ನೆನಪಾಗಿ ಬಾಯಿ ಒರೆಸಿಕೊಂಡರು.

ಬೀದಿಗೆಲ್ಲ ಅವನು ಹೂಂ ಬಡಗಿ. ಮಂಚದ ಕಾಲು ಅಲ್ಲಾಡಿದರೆ ಹೂಂ, ಯಾರದೋ ಮಗಳ ಮೇಜಿಗೆ ಗೂಡು ಬೇಕೆಂದರೆ ಹೂಂ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವವರಿಗೇನು ಬರವೇ?

ಬಾಗಿಲ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ತುಕ್ಕು ಹಿಡಿದ ತಿರುಪುಗಳನ್ನು ಬಿಚ್ಚುತ್ತಿದ್ದವನು ಸತ್ತವನ ಚಿಕ್ಕಪ್ಪನ ಮಗ. ಶಾಲೆಯ ಎದುರು ನೋಟ್‌ಪುಸ್ತಕದ ಅಂಗಡಿ ಇಟ್ಟವನು.

"ಪಾಪ, ಜೀವಕ್ಕೆ ಜೀವ ಆಗಿದ್ರು," ಅಂದ ಡ್ರೈವರ್. "ಕೊನೇ ಕೆಲಸಾನೂ ಇವನ ಅಂಗಡೀದೇ ಅಲ್ವಾ?"

ತಿರುಪು ಬಿಚ್ಚುತ್ತಿದ್ದ ಕೈ ಜಾರಿತು.

*

ಶನಿವಾರ ಸಂಜೆ ಇದೇ ಹೊಸ್ತಿಲಲ್ಲಿ ಅಣ್ಣ ಗೋಡೆ ನೋಡುತ್ತ, ಬಾಯಿಪಾಠ ಒಪ್ಪಿಸುವ ಹುಡುಗನಂತೆ ಹೇಳಿದ್ದ: "ಆಗಲ್ಲ ತಮ್ಮಾ. ನಾಳೆ ನಿಮ್ಮತ್ತಿಗೇನ ಸಮುದ್ರ ನೋಡೋಕೆ ಕರ್ಕೊಂಡು ಹೋಗ್ತಿದೀನಿ. ಮೂವತ್ತೊಂದು ವರ್ಷದಿಂದ ಕೇಳ್ತಿದಾಳೆ."

"ಸಮುದ್ರ ಎಲ್ಲಿಗೆ ಓಡಿಹೋಗುತ್ತಣ್ಣ? ಸೋಮವಾರ ಶಾಲೆ ಶುರು. ಮಾಲೆಲ್ಲ ನೆಲದ ಮೇಲೆ ಬಿದ್ದಿದೆ, ಹಲಗೆ ಹೊಡೆದುಕೊಡು."

"ಆಗಲ್ಲ." ಈ ಸಲ ಮುಖ ನೋಡಿ ಅಂದ. ಹಣೆಯಲ್ಲಿ ಬೆವರಿತ್ತು.

"ಆಯ್ತು ಬಿಡು. ಕಂಡವರಿಗೆ ಕರುಳು ಕಿತ್ತು ಕೊಡ್ತೀಯ. ನಮ್ಮಪ್ಪ ನಿನ್ನನ್ನ ಎತ್ತಿ ಆಡಿಸಿ, ಉಳಿ ಹಿಡಿಯೋದು ಕಲಿಸಿದ್ದು ಮಾತ್ರ ನಿಂಗೆ ಮರೆತುಹೋಯ್ತು."

ಅದು ಗುರಿ ತಪ್ಪುವ ಬಾಣವಲ್ಲ. ಬಿಡುವಾಗಲೇ ಅವನಿಗೆ ಗೊತ್ತಿತ್ತು.

ಭಾನುವಾರ ಬೆಳಗ್ಗೆ ಆರಕ್ಕೆ ಅಣ್ಣ ಉಳಿ-ಸುತ್ತಿಗೆಯ ಚೀಲ ಹಿಡಿದು ಅಂಗಡಿ ಮುಂದೆ ನಿಂತಿದ್ದ. ಕೆಲಸದ ನಡುವೆ ಒಮ್ಮೆ, "ಗಂಟೆ ಎಷ್ಟಾಯ್ತು?" ಎಂದು ಕೇಳಿದ.

"ಒಂಬತ್ತೂಕಾಲು."

"ರೈಲು ಹೋಯ್ತು," ಅಂದ, ಬೇರೆ ಯಾರದೋ ರೈಲೆಂಬಂತೆ. ಆಮೇಲೆ ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡ.

ಮಂಗಳವಾರ ಕೆಲಸದ ಕೊಟ್ಟಿಗೆಯಲ್ಲಿ ಮರ ಹೆರೆಯುತ್ತಿದ್ದವನು ಹಾಗೇ ಕುಸಿದ. ಭಾನುವಾರ ಹೊಡೆದುಕೊಟ್ಟ ಹನ್ನೆರಡು ಹಲಗೆಗಳ ಮೇಲೆ ಇವನು ಇನ್ನೂ ಒಂದು ಪುಸ್ತಕವನ್ನೂ ಇಟ್ಟಿರಲಿಲ್ಲ.

*

ಬಾಗಿಲು ಕಳಚಿ, ಪೆಟ್ಟಿಗೆ ಒಳಗೆ ಬಂತು. ಅಣ್ಣನನ್ನು ಅದರಲ್ಲಿ ಮಲಗಿಸಿ ಎಲ್ಲರೂ ಬೆವರೊರೆಸಿಕೊಳ್ಳಲು ಹೊರಗೆ ಹೋದರು. ಅತ್ತಿಗೆ ಇವನನ್ನು ಮಾತ್ರ ನಿಲ್ಲಿಸಿಕೊಂಡರು.

"ಒಂದು ಮಾತು ಕೇಳ್ತೀನಿ. ಇದ್ದದ್ದು ಇದ್ದ ಹಾಗೆ ಹೇಳು."

ಅವನು ತಲೆಯಾಡಿಸಿದ.

"ಒಂದು ತಿಂಗಳು ಕನ್ನಡಿ ಮುಂದೆ ನಿಲ್ಲಿಸಿ ಕಲಿಸಿದ್ದೆ, ಮಗೂಗೆ ಪದ್ಯ ಹೇಳಿಕೊಟ್ಟ ಹಾಗೆ. 'ಆಗಲ್ಲ' ಅನ್ನಿ ಅಂದ್ರೆ, 'ಆಗಲ್ಲ, ಆದ್ರೂ ನೋಡ್ತೀನಿ' ಅನ್ನೋರು." ತುಟಿಯ ಅಂಚಿನಲ್ಲಿ ನಗೆಯಂಥದ್ದೇನೋ ಬಂದು ಹೋಯಿತು. "ಭಾನುವಾರ ಮನೆಗೆ ಬಂದು, 'ನಂದೇ ತಪ್ಪು ಕಣೆ, ಅವನು ಕೇಳ್ದ, ನಾಲಿಗೆ ಅಭ್ಯಾಸ, ಹೂಂ ಅಂದ್ಬಿಟ್ಟೆ' ಅಂದ್ರು. ನಾನು ಮಾತು ಬಿಟ್ಟೆ. ಮಂಗಳವಾರ ಊಟದ ಡಬ್ಬಿ ಕೈಗೂ ಕೊಡಲಿಲ್ಲ, ಕಟ್ಟೆ ಮೇಲಿಟ್ಟೆ. ತಗೊಂಡು ಹೋದ್ರು." ಆಮೇಲೆ ಕೇಳಿದರು: "ನಿಜವಾಗ್ಲೂ ಹೂಂ ಅಂದ್ರಾ?"

ಹೌದು ಎಂದರೆ ಮುಗಿದಿತ್ತು. ಅಣ್ಣ ತನ್ನ ಸುಳ್ಳಿನ ಹಲಗೆ ಹಾಸಿಟ್ಟೇ ಹೋಗಿದ್ದ, ಇವನು ದಾಟುವುದಷ್ಟೇ ಬಾಕಿ. ನಿಜ ಹೇಳಿದರೆ ಆ ಎರಡು ದಿನದ ಮೌನ ಅತ್ತಿಗೆಯನ್ನು ಬದುಕಿರುವವರೆಗೂ ಸುಡುತ್ತದೆ. ಅದೂ ಒಂದು ನೆಪವಾಗಿ ಒದಗಿತು. ದೇವರೇ, ಎಷ್ಟು ಬೇಗ ಒದಗಿತು. ಅವನು ಅಣ್ಣನ ಕೈ ನೋಡಿದ. ಹೆಬ್ಬೆರಳ ಉಗುರಿನ ಮೇಲೆ ಮರದ ಗೋಂದು ಒಣಗಿತ್ತು. ಎಷ್ಟು ತೊಳೆದರೂ ಹೋಗಿರಲಿಲ್ಲ.

"ಇಲ್ಲ ಅತ್ತಿಗೆ. ಆಗಲ್ಲ ಅಂದ. ಎರಡು ಸಲ. ನಾನೇ ಅಪ್ಪನ ಹೆಸರೆತ್ತಿ ಅವನ ಬಾಯಿ ಕಟ್ಟಿದೆ."

ಅತ್ತಿಗೆ ಅಳಲಿಲ್ಲ. "ಎರಡು ಸಲವಾ?" ಎಂದು ಕೇಳಿದರು.

"ಎರಡನೇ ಸಲ ಮುಖ ನೋಡಿಕೊಂಡೇ ಅಂದ."

ಅವರು ಪೆಟ್ಟಿಗೆಯತ್ತ ಬಾಗಿ, ಗಂಡನ ಅಂಗಿಯ ಮೇಲಿನ ಗುಂಡಿ ಹಾಕಿ, ಕಾಲರನ್ನು ಎರಡೂ ಕೈಯಿಂದ ಸರಿಮಾಡಿದರು. ತುಂಬ ಹೊತ್ತು ಸರಿಮಾಡಿದರು.

ಹೊರಗಿನವರು ಒಳಗೆ ಬಂದರು. ಮುಚ್ಚಳ ಬಿತ್ತು.

"ಎಡಗಡೆ ಮುಂದಿನ ಮೂಲೆ ನಿಂದು, ಬಾರಯ್ಯ," ಅಂದ ಡ್ರೈವರ್.

"ಅವನು ಬೇಡ," ಅಂದರು ಅತ್ತಿಗೆ. ದನಿ ಏರಲಿಲ್ಲ.

ಎಲ್ಲರೂ ಇವನ ಮುಖ ನೋಡಿದರು.

"ಅತ್ತಿಗೆ, ಇದೊಂದಕ್ಕೆ..."

"ಬೇಡ."

ಡ್ರೈವರ್ ಕೆಮ್ಮಿದ. ಕ್ಷೌರದಂಗಡಿಯವನು ತಲೆ ತಗ್ಗಿಸಿ ಆ ಮೂಲೆಗೆ ಬಂದು ನಿಂತ. ಎಲ್ಲರಿಗಿಂತ ಗೇಣುದ್ದ ಗಿಡ್ಡ ಅವನು. ಪೆಟ್ಟಿಗೆ ಎಡಕ್ಕೆ ವಾಲಿಕೊಂಡೇ ಹೊಸ್ತಿಲು ದಾಟಿ ಬೀದಿಗಿಳಿಯಿತು. ಗೋಡೆಗೆ ಬೆನ್ನು ಹಚ್ಚಿ ನಿಂತವನ, ಆ ಮೂಲೆ ಹೊರಬೇಕಿದ್ದ ಬಲ ಹೆಗಲು ತಾನಾಗಿ ಮೇಲೆದ್ದಿತ್ತು. ಅದನ್ನು ಕೆಳಗಿಳಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು.